ಎಣಿಸಿದರು, ಕೇಳಲಿಲ್ಲ

2018ರ ಮೇ ತಿಂಗಳ ಮೊದಲ ವಾರ. ವಿಧಾನಸಭೆ ಚುನಾವಣೆಯ ಕಾವು ನಮ್ಮ ಚಳ್ಳಕೆರೆ ಸೀಮೆಯ ಬಿಸಿಲನ್ನೂ ಮೀರಿಸಿತ್ತು. ದೊಡ್ಡಉಳ್ಳಾರ್ತಿಯ ಹೋಟೆಲ್ ಮುಂದಿನ ಕಟ್ಟೆ ಮೇಲೆ ಕುಂತಿದ್ದ ನಮ್ಮಲ್ಲಿ ಅರ್ಧ ಜನರ ಕೈಯಲ್ಲಿ ಮೊಬೈಲು. ಅದರೊಳಕ್ಕೆ ಒಂದು ಸುದ್ದಿ ಬಂದು ಬಿತ್ತು. ಬಿಬಿಸಿಯವರು ಸರ್ವೆ ಮಾಡವ್ರಂತೆ, ಬಿಜೆಪಿಗೆ 135 ಸೀಟಂತೆ, ಕಾಂಗ್ರೆಸ್ಸಿಗೆ ಬರೀ 35 ಅಂತೆ, ಹತ್ತು ಲಕ್ಷ ಜನರನ್ನ ಕೇಳವ್ರಂತೆ. ಕೆಳಗೆ ಬಿಬಿಸಿಯ ವಿಳಾಸವೂ ಇತ್ತು. ಒತ್ತಿದರೆ ಬಿಬಿಸಿಯ ಮುಖಪುಟವೇನೋ ತೆರೆಯುತ್ತಿತ್ತು, ಸಮೀಕ್ಷೆ ಮಾತ್ರ ಅಲ್ಲಿರಲಿಲ್ಲ. ಒತ್ತಿ ನೋಡುವ ವ್ಯವಧಾನ ಯಾರಿಗಿತ್ತು? ಒಬ್ಬರಿಂದ ಒಬ್ಬರಿಗೆ, ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ಸುದ್ದಿ ದಾಟಿಹೋಯಿತು.

ನಾವು ಅದನ್ನು ಜೋರಾಗಿ ಓದುತ್ತಿದ್ದಾಗ ಪಕ್ಕದಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ನಮ್ಮ ಕೇರಿಯ ಅಜ್ಜಿಯೊಬ್ಬಳು ತಲೆ ಎತ್ತಿದಳು. 'ಅಲ್ರಪ್ಪಾ, ನನ್ನ ಓಟು ಇನ್ನೂ ನನ್ನ ಕೈಯಾಗೇ ಐತೆ. ಅದನ್ನ ಅದ್ಯಾವನು ಎಣಿಸಿಬಿಟ್ಟ?' ಎಂದು ಕೇಳಿದಳು. ನಾವು ನಕ್ಕೆವು. ಓದು ಬಾರದ ಮುದುಕಿಗೆ ಸರ್ವೆ ಅಂದರೆ ಏನು ಅಂತ ವಿವರಿಸಹೋದೆವು. ನಕ್ಕವರು ದಡ್ಡರು, ಕೇಳಿದವಳೇ ಜಾಣೆ ಎಂದು ತಿಳಿಯಲು ನಮಗೆ ಬಹಳ ದಿನ ಬೇಕಾಗಲಿಲ್ಲ. ಮತದಾನಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ಬಿಬಿಸಿ ಬಾಯಿಬಿಟ್ಟು ಹೇಳಿತು: ಆ ಸಮೀಕ್ಷೆ ನಮ್ಮದಲ್ಲ, ಅದು ಸುಳ್ಳು, ಭಾರತದಲ್ಲಿ ಚುನಾವಣಾ ಪೂರ್ವ ಸಮೀಕ್ಷೆಗಳನ್ನು ನಾವು ಮಾಡಿಸುವುದೇ ಇಲ್ಲ ಎಂದು. ಸುಳ್ಳು ನೂರು ಹಟ್ಟಿ ತಿರುಗಿತ್ತು, ನಿಜ ನಮ್ಮ ಕಟ್ಟೆಗೆ ಬರಲೇ ಇಲ್ಲ. ಮೇ 12ರಂದು ಮತದಾನವಾಯಿತು. 15ರಂದು ಎಣಿಕೆಯಾದಾಗ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜನತಾದಳಕ್ಕೆ 37 ಬಂದವು.

ಓಟು ಹಾಕುವ ಮೊದಲೇ ನಮ್ಮ ಓಟನ್ನು ಎಣಿಸಿದವರು ಯಾರು? ಯಾರಿಗೋಸ್ಕರ ಎಣಿಸಿದರು? ಎಣಿಸಿದ್ದರಲ್ಲಿ ಯಾವುದನ್ನು ನಮಗೆ ತೋರಿಸಿದರು, ಯಾವುದನ್ನು ಬಚ್ಚಿಟ್ಟರು? ಆ ಅಜ್ಜಿಯ ಪ್ರಶ್ನೆಯ ಬೆನ್ನುಹತ್ತಿ ಒಂದಿಷ್ಟು ಚರಿತ್ರೆಯನ್ನು ಇಲ್ಲಿ ಕೆದಕಿದ್ದೇವೆ.

1

ಒಂದು ಕಳ್ಳ ಸಮೀಕ್ಷೆ ತೋರಿಸಿ, ಒಂದು ಪಕ್ಷವನ್ನು ಬೈದು, ಲೇಖನ ಮುಗಿಸುವುದು ಸುಲಭ. ಆದರೆ ಕಳ್ಳನೋಟಿನ ಮಾತು ಆಮೇಲಿರಲಿ. ಒಳ್ಳೆ ನೋಟನ್ನೇ ಹೇಗೆ ಚಲಾಯಿಸಿದರು ಅನ್ನೋದನ್ನ ಮೊದಲು ನೋಡೋಣ.

ಅದೇ 2018ರ ಮಾರ್ಚ್ ಕೊನೆಗೆ ಸಿ-ಫೋರ್ ಎಂಬ ಸಂಸ್ಥೆಯ ಸಮೀಕ್ಷೆ ಬಂತು. 154 ಕ್ಷೇತ್ರಗಳಲ್ಲಿ 22,357 ಮತದಾರರನ್ನು ಕೇಳಿದ್ದೇವೆ, ಕಾಂಗ್ರೆಸ್ಸಿಗೆ 126, ಬಿಜೆಪಿಗೆ 70, ಜನತಾದಳಕ್ಕೆ 27 ಎಂದು ಅದು ಹೇಳಿತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರೇ ಇದನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚಿಕೊಂಡರು. 2013ರಲ್ಲಿ ಇದೇ ಸಂಸ್ಥೆಯ ಲೆಕ್ಕ ನಿಜವಾಗಿತ್ತು ಎಂಬುದನ್ನೂ ನೆನಪಿಸಿದರು. ಆ ವರ್ಷ ಕಾಂಗ್ರೆಸ್ 122 ಗೆದ್ದದ್ದು ನಿಜವೇ. ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಏಪ್ರಿಲ್‌ನಲ್ಲಿ ಬಂದ ಇಂಡಿಯಾ ಟುಡೇ-ಕಾರ್ವಿ ಸಮೀಕ್ಷೆ ಕಾಂಗ್ರೆಸ್ಸಿಗೆ 90ರಿಂದ 101 ಎಂದು ಹೇಳಿ, ಯಾರಿಗೂ ಬಹುಮತವಿಲ್ಲ ಎಂದಿತ್ತು. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿಯವರು ಟಿ.ವಿ. ವಾಹಿನಿಯೊಂದಕ್ಕೆ ಮಾಡಿದ ಏಪ್ರಿಲ್ ಸಮೀಕ್ಷೆ ಬಿಜೆಪಿಯನ್ನು ತುಸು ಮುಂದಿಟ್ಟಿತ್ತು: 89ರಿಂದ 95. ಅದೇ ಲೋಕನೀತಿ ಮೇ ಮೊದಲ ವಾರದ ಎರಡನೇ ಸುತ್ತಿನಲ್ಲಿ ಕಾಂಗ್ರೆಸ್ಸನ್ನು ಮುಂದಿಟ್ಟಿತು: 92ರಿಂದ 102.

ಇವನ್ನೆಲ್ಲ ಸಾಲಾಗಿ ಇಟ್ಟು ನೋಡಿದವನಿಗೆ ಅರ್ಥವಾಗುವುದು ಒಂದೇ ಮಾತು: ಇನ್ನೂ ಏನೂ ತೀರ್ಮಾನವಾಗಿಲ್ಲ. ಸಾಲಾಗಿ ಇಟ್ಟು ತೋರಿಸುವ ಉಸಾಬರಿ ಯಾವ ಪಕ್ಷಕ್ಕೆ ಬೇಕು? ಜಾತ್ರೆಯಲ್ಲಿ ಬಳೆಗಾರ ಒಡೆದ ಬಳೆಯನ್ನು ಬುಟ್ಟಿಯ ತಳಕ್ಕೆ ತಳ್ಳುವ ಹಾಗೆ, ತಮಗಾಗದ ಸಂಖ್ಯೆಯನ್ನು ಎಲ್ಲರೂ ತಳಕ್ಕೆ ತಳ್ಳಿದರು. ತಮಗಾಗುವ ಸಂಖ್ಯೆಯನ್ನು ಮೇಲಿಟ್ಟರು. ಮೇಲಿಡಲು ಏನೂ ಸಿಗದವರು ಬಿಬಿಸಿಯ ಹೆಸರಲ್ಲಿ ಹೊಸ ಬಳೆಯನ್ನೇ ಸೃಷ್ಟಿಸಿದರು.

ಫಲಿತಾಂಶದಲ್ಲಿ ಇನ್ನೊಂದು ಸೋಜಿಗವಿತ್ತು. ಓಟಿನ ಲೆಕ್ಕದಲ್ಲಿ ಕಾಂಗ್ರೆಸ್ಸೇ ಮುಂದೆ, ಸುಮಾರು ಶೇ. 38. ಬಿಜೆಪಿಗೆ ಸುಮಾರು ಶೇ. 36. ಆದರೂ ಸೀಟು ಬಿಜೆಪಿಗೆ 26 ಹೆಚ್ಚು. ಕೊನೆಗೆ ಮೇ 23ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದವರು ಮೂರನೇ ಸ್ಥಾನದ ಪಕ್ಷದ ಕುಮಾರಸ್ವಾಮಿಯವರು. ಪ್ರಚಾರದಲ್ಲಿ ಹಂಚಿದ ಯಾವ ಬಣ್ಣದ ಪಟ್ಟಿಯಲ್ಲಿ ಇದು ಬರೆದಿತ್ತು?

2

ಸಮೀಕ್ಷೆ ಅನ್ನೋದೇ ಮೋಸ ಎಂದು ನಾವು ಹೇಳುತ್ತಿಲ್ಲ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಮಡಕೆಯ ಅಷ್ಟೂ ಅನ್ನ ತಿನ್ನಬೇಕಿಲ್ಲ. ಒಂದಗುಳು ಹಿಚುಕಿದರೆ ಸಾಕು. ಸರಿಯಾಗಿ, ಪಕ್ಷಪಾತವಿಲ್ಲದೆ, ಚೀಟಿ ಎತ್ತಿದ ಹಾಗೆ ಆರಿಸಿದ ಒಂದು ಸಾವಿರ ಜನರನ್ನು ಕೇಳಿದರೆ ಇಡೀ ರಾಜ್ಯದ ಒಲವು ನೂರಕ್ಕೆ ಮೂರರಷ್ಟು ಆಚೀಚೆಯಲ್ಲಿ ಸಿಗುತ್ತದೆ ಎನ್ನುತ್ತದೆ ಸಂಖ್ಯಾಶಾಸ್ತ್ರ. ಅದು ನಿಜವಾದ ಶಾಸ್ತ್ರ, ಪಂಚಾಂಗದ ಶಾಸ್ತ್ರವಲ್ಲ.

ಆದರೆ ಅಗುಳಿನ ಲೆಕ್ಕ ನಡೆಯುವುದು ಒಂದೇ ಮಡಕೆಯಲ್ಲಿ. ನಮ್ಮ ಹಳ್ಳಿಯಲ್ಲಿ ಎರಡು ಮಡಕೆಗಳಿವೆ. ಊರಿನದು ಒಂದು, ಕೇರಿಯದು ಇನ್ನೊಂದು. ಊರಿನ ಮಡಕೆಯ ಅಗುಳು ಹಿಚುಕಿ ಕೇರಿಯ ಮಡಕೆಯೂ ಬೆಂದಿದೆ ಎಂದರೆ ಒಪ್ಪುವುದು ಹೇಗೆ? ಗೊಲ್ಲರಹಟ್ಟಿ, ನಾಯಕರ ಹಟ್ಟಿ, ಲಂಬಾಣಿ ತಾಂಡ, ಎ.ಕೆ. ಕಾಲೋನಿ ಇವು ಒಂದೊಂದೂ ಒಂದೊಂದು ಒಲೆ.

ಎರಡನೇ ತೊಡಕು ಓಟನ್ನು ಸೀಟಾಗಿ ಮಾಡುವುದು. ಜನರನ್ನು ಕೇಳಿದರೆ ಸಿಗುವುದು ಓಟಿನ ಪಾಲು ಮಾತ್ರ. ಸೀಟು ಎಷ್ಟು ಎಂಬುದು ಸಂಸ್ಥೆಯವರು ಕೂತು ಹಾಕುವ ಗುಣಾಕಾರ. ಹೆಚ್ಚು ಓಟು ಪಡೆದವರಿಗೆ ಕಡಿಮೆ ಸೀಟು ಬರಬಹುದು ಎಂದು 2018 ತೋರಿಸಿತಲ್ಲ, ಆ ಗುಣಾಕಾರ ಎಷ್ಟು ನಾಜೂಕಿನದು ಎಂದು ಅಲ್ಲೇ ತಿಳಿಯುತ್ತದೆ. ನೂರಕ್ಕೆ ಎರಡು ಓಟು ಅತ್ತಿತ್ತ ಆದರೆ ಹತ್ತಾರು ಸೀಟು ಕೈಬದಲಾಗುತ್ತವೆ. ಆದರೆ ಪ್ರಚಾರದ ಕರಪತ್ರದಲ್ಲಿ 'ಮೂರರಷ್ಟು ಆಚೀಚೆ' ಎಂಬ ಮಾತು ಮೊದಲು ಸಾಯುತ್ತದೆ. ಎಷ್ಟು ಜನರನ್ನು ಕೇಳಿದರು, ಯಾವ ತಾರೀಖು, ಯಾರ ದುಡ್ಡು, ಪ್ರಶ್ನೆ ಏನು, ಇವೆಲ್ಲ ಒಂದೊಂದಾಗಿ ಉದುರುತ್ತವೆ. ಉಳಿಯುವುದು ದಪ್ಪಕ್ಷರದ ಒಂದು ಸಂಖ್ಯೆ.

3

ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಮೊನ್ನೆ ಮೊನ್ನೆಯದಲ್ಲ. ನಮ್ಮ ಚಿತ್ರದುರ್ಗ ಹಳೆ ಮೈಸೂರು ಸಂಸ್ಥಾನದ್ದು. ಆ ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಮಾಡಿದರು. ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, 144 ಜನ ಮೈಸೂರಿನಲ್ಲಿ ಸೇರಿದರು. ಹೆಸರು ಪ್ರಜಾಪ್ರತಿನಿಧಿ. ಕರೆಸಿದ್ದು ಭೂಮಿ ಇದ್ದವರನ್ನು, ವ್ಯಾಪಾರ ಇದ್ದವರನ್ನು. ಅವರ ಹೊಲದಲ್ಲಿ ಗೇಯುವವನು, ಅವರ ಸತ್ತ ಎತ್ತನ್ನು ಹೊರುವವನು ಪ್ರಜೆಯ ಲೆಕ್ಕಕ್ಕೆ ಸೇರಿದ್ದ, ಪ್ರತಿನಿಧಿಯ ಲೆಕ್ಕಕ್ಕೆ ಸೇರಲಿಲ್ಲ. ಉಳ್ಳವರನ್ನು ಕೇಳಿ 'ಪ್ರಜೆಗಳು ಹೀಗೆ ಹೇಳಿದರು' ಎಂದು ಬರೆದುಕೊಳ್ಳುವ ಪದ್ಧತಿಗೆ ಇಲ್ಲಿ ಅಷ್ಟು ವಯಸ್ಸಾಗಿದೆ.

ಐವತ್ತು ವರ್ಷ ಮುಂದೆ ಬನ್ನಿ. 1932. ಯಾರಿಗೆ ಮತದಾನದ ಹಕ್ಕು, ಯಾರಿಗೆ ಎಷ್ಟು ಸ್ಥಾನ ಎಂದು ನೋಡಲು ಲಾರ್ಡ್ ಲೋಥಿಯನ್ ಅಧ್ಯಕ್ಷತೆಯ ಸಮಿತಿ ದೇಶ ಸುತ್ತಿತು. ಬಾಬಾಸಾಹೇಬ್ ಅಂಬೇಡ್ಕರ್ ಅದರಲ್ಲಿ ಸದಸ್ಯರು. ಅಲ್ಲಿಯವರೆಗೆ ಜನಗಣತಿಯಲ್ಲಿ ಕೋಟಿಗಟ್ಟಲೆ ಇದ್ದ ಅಸ್ಪೃಶ್ಯರು, ಆ ಸಂಖ್ಯೆಯ ಮೇಲೆ ಸ್ಥಾನಗಳು ನಿರ್ಧಾರವಾಗುತ್ತವೆ ಎಂದು ಗೊತ್ತಾದ ಕೂಡಲೇ ಕರಗಿಹೋದರು! ನಮ್ಮಲ್ಲಿ ಅಸ್ಪೃಶ್ಯರೇ ಇಲ್ಲ, ಇದ್ದರೂ ಬಲು ಕಡಿಮೆ ಎಂದು ಪ್ರಾಂತಗಳಿಂದ ಸಾಕ್ಷಿ ಬಂತು. ಇಂದಿನ ಉತ್ತರಪ್ರದೇಶದ ಪ್ರಾಂತೀಯ ಸಮಿತಿಯ ಲೆಕ್ಕದಲ್ಲಿ ಕೋಟಿಗೂ ಮೀರಿದ್ದವರು ಕೆಲವೇ ಲಕ್ಷಕ್ಕೆ ಇಳಿದರು. ಲಕ್ಷಾಂತರ ಜನರನ್ನು ಅಂಕಿಯಲ್ಲಿ ಹೀಗೆ ಮಾಯ ಮಾಡಿದ್ದನ್ನು ಬಾಬಾಸಾಹೇಬರು ಅಲ್ಲಿಯೂ ವಿರೋಧಿಸಿದರು, ಮುಂದೆ ತಮ್ಮ ಬರಹಗಳಲ್ಲಿಯೂ ಬಯಲಿಗೆಳೆದರು.

ಇದು ಚುನಾವಣಾ ಸಮೀಕ್ಷೆ ಅಲ್ಲ, ನಿಜ. ಆದರೆ ಹುನ್ನಾರ ಒಂದೇ. ಹೊಲೆ ಗೇಯುವಾಗ, ಮೋರಿ ಬಳಿಯುವಾಗ ನಾವು ಲೆಕ್ಕಕ್ಕೆ ಸಿಗುತ್ತೇವೆ. ಪಾಲು ಕೊಡುವಾಗ ನಮ್ಮ ಲೆಕ್ಕ ತಪ್ಪುತ್ತದೆ. ಬೇಕಾದಾಗ ಹಿಗ್ಗಿಸು, ಬೇಡಾದಾಗ ಕುಗ್ಗಿಸು. ಅಂಕಿ ಯಾರ ಕೈಲಿದೆಯೋ ಅವರ ಮಾತು ಕೇಳುತ್ತದೆ ಎಂಬ ಪಾಠವನ್ನು ನಮ್ಮ ಚಳವಳಿ ಕಲಿತದ್ದು ಅಂದೇ.

ಅದಾಗಿ ನಾಲ್ಕು ವರ್ಷಕ್ಕೆ, 1936ರಲ್ಲಿ, ಸಮುದ್ರದಾಚೆ ಅಮೆರಿಕದಲ್ಲಿ ಒಂದು ಪ್ರಸಂಗ ನಡೆಯಿತು. ಅಧ್ಯಕ್ಷ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚೀಟಿ ವಾಪಸು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46 ಗೆದ್ದು. ಯಾಕೆ ಹೀಗಾಯಿತು? ಪತ್ರಿಕೆ ವಿಳಾಸ ಹೆಕ್ಕಿದ್ದು ಟೆಲಿಫೋನ್ ಪಟ್ಟಿಯಿಂದ, ಕಾರಿನ ನೋಂದಣಿಯಿಂದ. ದೊಡ್ಡ ಕುಸಿತದ ಆ ವರ್ಷಗಳಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಚೀಟಿ ತುಂಬಿ ವಾಪಸು ಕಳಿಸಿದವರಲ್ಲೂ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಹೆಚ್ಚು. ಕೆಲಸ ಕಳಕೊಂಡು ಗಂಜಿಗೆ ಸಾಲು ನಿಂತವನನ್ನು ಯಾರೂ ಕೇಳಿರಲಿಲ್ಲ. ಅವನು ಮತಪೆಟ್ಟಿಗೆಯಲ್ಲಿ ಉತ್ತರ ಹೇಳಿದ. ಎರಡೇ ವರ್ಷಕ್ಕೆ ಆ ಪತ್ರಿಕೆ ಮುಚ್ಚಿತು. ಅದೇ ಚುನಾವಣೆಯಲ್ಲಿ ಸುಮಾರು ಐವತ್ತು ಸಾವಿರ ಜನರನ್ನಷ್ಟೇ ಕೇಳಿದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ. ಎಲ್ಲ ವರ್ಗದವರನ್ನೂ ಸೇರಿಸಿ ಕೇಳಲು ಅವನು ಪ್ರಯತ್ನಿಸಿದ್ದ. ಲಕ್ಷ ಜನರನ್ನು ಕೇಳಿದೆವು ಎಂದು ಯಾರಾದರೂ ಎದೆ ತಟ್ಟಿಕೊಂಡರೆ ಈ ಕಥೆ ನೆನೆಯಿರಿ. 2018ರ ಆ ಕಳ್ಳ ಸಂದೇಶವೂ ಹತ್ತು ಲಕ್ಷದ ಹೆಸರು ಹೇಳಿಯೇ ನಮ್ಮನ್ನು ನಂಬಿಸಲು ಬಂದಿತ್ತು.

4

ಗ್ಯಾಲಪ್‌ನ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು 1950ರ ದಶಕದಲ್ಲಿ. ದೆಹಲಿಯಲ್ಲಿ ಎರಿಕ್ ಡ ಕೋಸ್ಟಾ ಕಟ್ಟಿದ ಭಾರತೀಯ ಜನಾಭಿಪ್ರಾಯ ಸಂಸ್ಥೆ 1957ರ ಚುನಾವಣೆಯ ಹೊತ್ತಿಗೆ ಸಮೀಕ್ಷೆ ಮಾಡಿತು. 1963ರಲ್ಲಿ ರಜನಿ ಕೊಠಾರಿಯವರು ಸಿಎಸ್‌ಡಿಎಸ್ ಸಂಸ್ಥೆ ಶುರುಮಾಡಿದರು. ಆ ಸಂಸ್ಥೆ 1967ರಿಂದ ರಾಷ್ಟ್ರಮಟ್ಟದ ಚುನಾವಣಾ ಅಧ್ಯಯನ ನಡೆಸಿತು. 1980ರ ದಶಕದಲ್ಲಿ ಪ್ರಣಯ್ ರಾಯ್ ಮತ್ತು ಸಂಗಡಿಗರು ಅದನ್ನು ಪತ್ರಿಕೆಗೆ, ಟಿ.ವಿ.ಗೆ ತಂದರು. ಅಲ್ಲಿಂದ ಅದು ಮನೆಮನೆಯ ಮನರಂಜನೆಯಾಯಿತು.

ಈ ಚರಿತ್ರೆಯಲ್ಲಿ ನಮಗೆ ಬೇಕಾದ ಒಂದು ಮಾತಿದೆ. 1990ರ ದಶಕದ ಸಿಎಸ್‌ಡಿಎಸ್ ಅಧ್ಯಯನಗಳಿಂದ ಯೋಗೇಂದ್ರ ಯಾದವ್ ಮತ್ತಿತರರು ಒಂದು ಸತ್ಯ ಹೊರತೆಗೆದರು. ಪಶ್ಚಿಮ ದೇಶಗಳಲ್ಲಿ ಉಳ್ಳವರು, ಓದಿದವರು ಹೆಚ್ಚು ಓಟು ಹಾಕುತ್ತಾರೆ. ನಮ್ಮಲ್ಲಿ ದಲಿತರು, ಬಡವರು ಮೇಲ್ಜಾತಿಯವರಿಗಿಂತ ಹಿಂದೆ ಬಿದ್ದಿಲ್ಲ, ಮುಂದೆಯೇ ಇದ್ದಾರೆ. ದುಡ್ಡು ತಗೊಂಡು, ಹೆಂಡ ಕುಡಿದು ಓಟು ಮಾರುವವರು ಎಂದು ನಮ್ಮನ್ನು ಹೀಯಾಳಿಸುವ ಪೇಟೆಯ ಮಂದಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ? ಇದೂ ಸಮೀಕ್ಷೆಯಿಂದಲೇ ಬಂದ ಸತ್ಯ. ಯಾವ ಪಕ್ಷವಾದರೂ ಇದನ್ನು ಬ್ಯಾನರ್ ಮಾಡಿ ಕಟ್ಟಿದ್ದನ್ನು ನೀವು ನೋಡಿದಿರೇನು? ನಾವಂತೂ ನೋಡಲಿಲ್ಲ. ಅವರು ಸಮೀಕ್ಷೆಯಿಂದ ಎತ್ತಿಕೊಳ್ಳುವುದು ಸೀಟಿನ ಸಂಖ್ಯೆಯನ್ನು. ಜನರ ಮಾತು ಪುಸ್ತಕದ ಬೀರುವಿನಲ್ಲಿ ದೂಳು ತಿನ್ನುತ್ತದೆ.

ಕೆಳಗಿನವರ ಮನಸ್ಸು ಮೇಲಿನವರಿಗೆ ಕಾಣದೇ ಹೋದ ಉದಾಹರಣೆಗಳು ಬೇಕಾದಷ್ಟಿವೆ. 2004ರಲ್ಲಿ ದೇಶ ಹೊಳೆಯುತ್ತಿದೆ ಎಂಬ ಪ್ರಚಾರ. ಸಮೀಕ್ಷೆಗಳೂ ವಾಜಪೇಯಿ ಸರ್ಕಾರ ಮರಳುತ್ತದೆ ಎಂದೇ ಹೇಳಿದವು. ಬಿಜೆಪಿ 138ಕ್ಕೆ ಇಳಿಯಿತು, ಕಾಂಗ್ರೆಸ್ 145 ಪಡೆದು ಮೈತ್ರಿ ಸರ್ಕಾರ ಮಾಡಿತು. 2007ರಲ್ಲಿ ಉತ್ತರಪ್ರದೇಶದಲ್ಲಿ ಯಾರಿಗೂ ಬಹುಮತ ಇಲ್ಲ ಎಂದರು. ಮಾಯಾವತಿಯವರ ಬಹುಜನ ಸಮಾಜ ಪಕ್ಷ 403ರಲ್ಲಿ 206 ಗೆದ್ದು ತನ್ನ ಬಲದ ಮೇಲೇ ಅಧಿಕಾರ ಹಿಡಿಯಿತು. 2024ರ ಜೂನ್ 1ರಂದು ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ರ ಮೇಲೆ ಎಂದು ಸಾರಿದವು. ಷೇರುಪೇಟೆ ಒಂದು ದಿನ ಕುಣಿಯಿತು. ಜೂನ್ 4ಕ್ಕೆ 293 ಬಂದಾಗ ಕುಸಿದು ಕೂತಿತು.

5

ಯಾಕೆ ನಮ್ಮ ಮನಸ್ಸು ಅವರಿಗೆ ಸಿಗುವುದಿಲ್ಲ? ಇದಕ್ಕೆ ಉತ್ತರ ಸಂಖ್ಯಾಶಾಸ್ತ್ರದಲ್ಲಿಲ್ಲ, ನಮ್ಮ ಹಳ್ಳಿಯ ಕಟ್ಟೆಯಲ್ಲಿದೆ.

ಒಂದು ಚುನಾವಣೆಯಲ್ಲಿ ಯಾರೋ ಇಬ್ಬರು ಪ್ಯಾಂಟು ಶರ್ಟಿನ ಹುಡುಗರು ಹಾಳೆ ಹಿಡಿದು ಬಂದರು. ಬಂದವರು ಮೊದಲು ಹೋದದ್ದು ಊರ ಮುಂದಾಳಿನ ಜಗಲಿಗೆ. ಅಲ್ಲಿ ಟೀ ಕುಡಿದರು. ಕೇರಿಯಿಂದ ಇಬ್ಬರನ್ನ ಕರೆಸಿ ಎಂದರು. ಕರೆಸಿದರು. ಬಂದವರು ಜಗಲಿಯ ಕೆಳಗೆ, ಚಪ್ಪಲಿ ಬಿಟ್ಟು ನಿಂತರು. 'ಯಾರಿಗೆ ಓಟು ಹಾಕ್ತಿಯಪ್ಪ?' ಎಂದು ಕೇಳಿದರು. ಅಲ್ಲಿ ನಿಂತವನು ಆ ಜಗಲಿಯವರ ಹೊಲದಲ್ಲೇ ಶೇಂಗಾ ಕೀಳಬೇಕು, ಮಗಳ ಮದುವೆಗೆ ಅಲ್ಲೇ ಸಾಲ ಕೇಳಬೇಕು. ಅವನು ಜಗಲಿಯ ಕಡೆ ಒಂದು ಸಲ ನೋಡಿ, 'ನಮ್ದೇನೈತೆ ಸೋಮಿ, ಎಲ್ರೂ ಹಾಕ್ದಂಗೆ' ಎಂದ. ಹುಡುಗರು ಹಾಳೆಯಲ್ಲಿ ಗೀಟು ಎಳೆದರು. ಆ ಗೀಟು ಬೆಂಗಳೂರಿಗೋ ದೆಹಲಿಗೋ ಹೋಗಿ 'ದಲಿತ ಮತಗಳಲ್ಲಿ ಶೇಕಡಾ ಇಷ್ಟು' ಎಂದಾಗಿರಬೇಕು.

ಸಂವಿಧಾನ ನಮಗೆ ಓಟು ಕೊಟ್ಟಿತು. ಕಾನೂನು ಆ ಓಟಿಗೆ ಗುಟ್ಟು ಕೊಟ್ಟಿತು. 1951-52ರ ಮೊದಲ ಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರ ಪಟ್ಟಿಯಲ್ಲಿ ಧಣಿಯ ಹೆಸರೂ ಜೀತದಾಳಿನ ಹೆಸರೂ ಒಂದೇ ಸಾಲಿನಲ್ಲಿ ಬಂದವು. ಆ ತಟ್ಟಿ ಮರೆಯ ಹಿಂದೆ ಅವನು ಏನು ಮಾಡಿದ ಎಂದು ಯಾವ ಧಣಿಗೂ ತಿಳಿಯಲಿಲ್ಲ. ಆ ಮರೆಯೇ ನಮ್ಮ ಬಲ. ಜಗಲಿಯ ಮುಂದೆ ನಿಲ್ಲಿಸಿ ಕೇಳುವ ಸಮೀಕ್ಷೆ ಆ ಮರೆಯನ್ನು ಕಿತ್ತುಹಾಕುತ್ತದೆ. ಇದನ್ನು ಅರಿತ ಲೋಕನೀತಿಯಂಥವರು ಒಂದು ಅಣಕು ಮತಪತ್ರ, ಒಂದು ಪೆಟ್ಟಿಗೆ ಹೊತ್ತು ಹೋಗಿ ಗುಟ್ಟಾಗಿ ಹಾಕಿಸಿಕೊಳ್ಳುತ್ತಾರೆ. ಅದು ಕೇಳುವ ಮರ್ಯಾದೆ. ಅಷ್ಟು ಮರ್ಯಾದೆ ಎಲ್ಲರಿಗೂ ಇಲ್ಲ. ಫೋನಿನಲ್ಲೇ ಕೇಳಿ ಮುಗಿಸುವವರೂ ಇದ್ದಾರೆ. ಫೋನು ಮಗನ ಕೈಲಿದ್ದರೆ ತಾಯಿಯ ಮಾತು ಎಲ್ಲಿ ಕೇಳಿಸಬೇಕು?

ಇನ್ನು ಆ 'ಇತರರು' ಎಂಬ ಕೋಣೆ. ಸಮೀಕ್ಷೆಯ ಪಟ್ಟಿಯಲ್ಲಿ ಮೂರು ಪಕ್ಷಗಳಿಗೆ ಮೂರು ಬಣ್ಣ, ಕೊನೆಗೆ ಬೂದಿ ಬಣ್ಣದಲ್ಲಿ ಇತರರು. ನಮ್ಮ ಚಳವಳಿಯಿಂದ, ರೈತರಿಂದ, ಎಡಪಕ್ಷಗಳಿಂದ ನಿಂತವರೆಲ್ಲ ಆ ಬೂದಿಯೊಳಗೆ. ಪ್ರಚಾರದಲ್ಲಿ ಸಮೀಕ್ಷೆಯ ಪೆಟ್ಟು ಗಟ್ಟಿಯಾಗಿ ಬೀಳುವುದು ಇಲ್ಲೇ. ಪುಡಾರಿ ಕೇರಿಗೆ ಬಂದು ಮೊಬೈಲು ತೋರಿಸುತ್ತಾನೆ. 'ನಿಮ್ಮೋನು ಒಳ್ಳೆಯವನೇ ಕಣಪ್ಪ, ನಾನೂ ಒಪ್ತೀನಿ. ಆದ್ರೆ ಗೆಲ್ಲಲ್ಲ. ನೋಡಿಲ್ಲಿ ಸರ್ವೆ. ಓಟು ಯಾಕೆ ಹಾಳುಮಾಡ್ಕೊಂತಿ?' ಗೆಲ್ಲಲ್ಲ ಎಂಬ ಸಂಖ್ಯೆ ಓಟು ಕಳೆಯುತ್ತದೆ. ಓಟು ಕಳೆದುಕೊಂಡವನು ಸೋಲುತ್ತಾನೆ. ಸೋತ ಮೇಲೆ, ನೋಡಿದಿರಾ ಸರ್ವೆ ನಿಜವಾಯಿತು ಎನ್ನುತ್ತಾರೆ!

ಆದರೂ ಜನ ಪ್ರತಿ ಸಲವೂ ಈ ಮಾತು ಕೇಳುವುದಿಲ್ಲ. ಅದೇ 2018ರಲ್ಲಿ ಕೊಳ್ಳೇಗಾಲ ಮೀಸಲು ಕ್ಷೇತ್ರದಲ್ಲಿ ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಗೆದ್ದರು. ಹಿಂದೆ ಸೋತು ಸೋತು ನಿಂತವರು ಅವರು. ಜನತಾದಳದ ಜೊತೆ ಮೈತ್ರಿ ಇತ್ತು ನಿಜ, ಆದರೆ 1994ರಲ್ಲಿ ಬೀದರ್ ಗೆದ್ದ ಮೇಲೆ ಆ ಪಕ್ಷಕ್ಕೆ ರಾಜ್ಯದಲ್ಲಿ ಸಿಕ್ಕ ಸೀಟು ಅದೇ. ಮುಂದೆ ಅವರು ಪಕ್ಷ ಬದಲಿಸಿ ಬಿಜೆಪಿಗೆ ಹೋದದ್ದು ನೋವಿನ ಕಥೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಅಂದು ಓಟು ಹಾಕಿದವರ ಸ್ವಾಭಿಮಾನ ಸುಳ್ಳಾಗುವುದಿಲ್ಲ. ಗೆಲ್ಲುವ ಕುದುರೆ ಯಾವುದು ಎಂದು ಕೇಳದೆ, ನಮ್ಮದು ಯಾವುದು ಎಂದು ಕೇಳಿಕೊಂಡರು ಅವರು.

6

ಹಾಗಾದರೆ ಕಾನೂನು ಏನು ಮಾಡುತ್ತಿದೆ? 1998ರಲ್ಲಿ ಚುನಾವಣಾ ಆಯೋಗ ಸಮೀಕ್ಷೆಗಳ ಪ್ರಕಟಣೆಗೆ ಕಡಿವಾಣ ಹಾಕಹೊರಟಿತು. 1999ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ಕಾಯಿದೆಯ ಬಲವಿಲ್ಲದ ಆ ನಿರ್ದೇಶನವನ್ನು ಹಿಂತೆಗೆದುಕೊಳ್ಳಬೇಕಾಯಿತು. 2009ರ ತಿದ್ದುಪಡಿಯಿಂದ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 126ಎ ಕಲಂ ಸೇರಿತು. ಕೊನೆಯ ಹಂತದ ಮತದಾನ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವಂತಿಲ್ಲ. ಚುನಾವಣಾ ಪೂರ್ವ ಸಮೀಕ್ಷೆಗೆ ಮಾತ್ರ ಮತದಾನ ಮುಗಿಯುವ ಮುಂಚಿನ 48 ಗಂಟೆಗಳ ತಡೆ. ಅದಕ್ಕೂ ಮುಂಚೆ ಎಷ್ಟು ಬೇಕಾದರೂ ಹಂಚಬಹುದು.

2013ರಲ್ಲಿ ಆಯೋಗ ಪಕ್ಷಗಳ ಅಭಿಪ್ರಾಯ ಕೇಳಿತು. ಆಗ ಕೇಂದ್ರದಲ್ಲಿ ಆಳುತ್ತಿದ್ದ ಕಾಂಗ್ರೆಸ್ ಇಂಥ ಸಮೀಕ್ಷೆಗಳನ್ನು ತಡೆಯಬೇಕು ಎಂದಿತು. ಗೆಲುವಿನ ಗಾಳಿ ತಮ್ಮ ಕಡೆ ಬೀಸುತ್ತಿದ್ದ ಬಿಜೆಪಿಯವರು ತಡೆ ಕೂಡದು ಎಂದರು. ಐದು ವರ್ಷದಲ್ಲಿ ಅದೇ ಕಾಂಗ್ರೆಸ್ಸಿನ ಮುಖ್ಯಮಂತ್ರಿ ಸಮೀಕ್ಷೆಯನ್ನು ಹೆಮ್ಮೆಯಿಂದ ಹಂಚಿದ್ದನ್ನು ಮೇಲೆ ನೋಡಿದಿರಿ. ಇಲ್ಲಿ ತತ್ವ ಅಂತ ಏನೂ ಇಲ್ಲ ಗೆಳೆಯರೇ, ಗಾಳಿ ಬಂದಾಗ ತೂರಿಕೊಳ್ಳುವುದಷ್ಟೇ. 2014ರ ಫೆಬ್ರವರಿಯಲ್ಲಿ ಒಂದು ಸುದ್ದಿವಾಹಿನಿ ರಹಸ್ಯ ಕಾರ್ಯಾಚರಣೆ ಮಾಡಿ, ದುಡ್ಡು ಕೊಟ್ಟರೆ ಅಂಕಿ ತಿದ್ದಲು ಹಲವು ಸಮೀಕ್ಷಾ ಸಂಸ್ಥೆಗಳು ತಯಾರಿವೆ ಎಂದು ತೋರಿಸಿತು. ನಾಲ್ಕು ದಿನ ಗದ್ದಲವಾಗಿ ತಣ್ಣಗಾಯಿತು.

ಸಮೀಕ್ಷೆಯನ್ನು ನಿಷೇಧಿಸಿಬಿಡಿ ಎಂದು ನಾವು ಕೇಳುವುದಿಲ್ಲ. ಅದು ಮುಚ್ಚಿದ ಕೋಣೆಯಲ್ಲಿ ಧಣಿಗಳು ಮಾತ್ರ ಓದುವ ಕಾಗದವಾದರೆ ನಮಗೆ ಇನ್ನೂ ನಷ್ಟ. ನಾವು ಕೇಳುವುದು, ಬುಟ್ಟಿಯ ತಳದಲ್ಲಿರುವುದನ್ನೂ ತೋರಿಸಿ ಎಂದು.

ನೆಟ್ಟಗೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಕನ್ನಡ ನಾಡಿನಲ್ಲೇ ಸಾಕ್ಷಿ ಇದೆ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ 'ಈದಿನ' ಎಂಬ ಕನ್ನಡ ಮಾಧ್ಯಮ ಸಂಸ್ಥೆಯ ಬಳಗ ಮನೆಮನೆಗೆ ಹೋಗಿ 41,169 ಜನರನ್ನು ಮಾತಾಡಿಸಿತು. ಯಾರಿಗೆ ಓಟು ಎಂಬುದರ ಜೊತೆಗೆ ಬೆಲೆ ಏರಿಕೆ, ನಿರುದ್ಯೋಗ, ಭ್ರಷ್ಟಾಚಾರದ ಬಗ್ಗೆಯೂ ಕೇಳಿತು. ದೊಡ್ಡ ವಾಹಿನಿಗಳಲ್ಲಿ ಹಲವು ಅತಂತ್ರ ಎನ್ನುತ್ತಿದ್ದಾಗ ಕಾಂಗ್ರೆಸ್ಸಿಗೆ 132ರಿಂದ 140 ಎಂದಿತು. ಬಂದದ್ದು 135. ಸಂಖ್ಯೆ ಕೂಡಿಬಂದದ್ದಕ್ಕೆ ಮಾತ್ರ ನಾವು ಇದನ್ನು ಹೊಗಳುತ್ತಿಲ್ಲ, ಒಂದು ಸಲ ಕೂಡಿದ್ದು ಇನ್ನೊಂದು ಸಲ ತಪ್ಪಬಹುದು. ಕೇಳುವವರು ಕೇರಿಯ ಭಾಷೆಯವರಾಗಿ ಹೊಸಿಲಿನವರೆಗೆ ಬಂದರೆ ಜನ ಬಾಯಿಬಿಡುತ್ತಾರೆ ಎಂಬುದಕ್ಕೆ ಹೇಳಿದೆವು. ಅದರ ಸೀಟಿನ ಸಂಖ್ಯೆ ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು. ಬೆಲೆ ಏರಿಕೆಯ ಬಗ್ಗೆ ಜನ ಆಡಿದ ಮಾತು ಎಷ್ಟು ಜನಕ್ಕೆ ನೆನಪಿದೆ?

7

ಮತ್ತೆ ನಮ್ಮೂರಿಗೆ ಬರೋಣ. ದೊಡ್ಡಉಳ್ಳಾರ್ತಿಯ ಸುತ್ತ ಅಮೃತಮಹಲ್ ಕಾವಲು. ಅರಸರ ಕಾಲದಿಂದ ದನ ಮೇದ ಹುಲ್ಲುಗಾವಲು. ನಮ್ಮ ಜನರ ಕುರಿ ಮೇಕೆ ಮೇದದ್ದು, ಸೌದೆ ಆಯ್ದದ್ದು, ಪೊರಕೆ ಹುಲ್ಲು ಕೊಯ್ದದ್ದು ಅಲ್ಲೇ. 2000ದ ದಶಕದ ಕೊನೆಯಿಂದ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆ ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ಬಾಹ್ಯಾಕಾಶಕ್ಕೆ, ವಿಜ್ಞಾನ ಮಂದಿರಕ್ಕೆ ಹೋಯಿತು. ಹಟ್ಟಿಯ ಎಷ್ಟೋ ಜನಕ್ಕೆ ವಿಷಯ ತಿಳಿದದ್ದು ಬೇಲಿ ಎದ್ದಮೇಲೆ, ಗೋಡೆ ಕಟ್ಟಿದಮೇಲೆ. ಹೋರಾಟವಾಯಿತು, ಹಸಿರು ನ್ಯಾಯಮಂಡಳಿಯವರೆಗೂ ದೂರು ಹೋಯಿತು. ಗೋಡೆ ನಿಂತೇ ಇದೆ.

2008, 2013, 2018, 2023. ನಾಲ್ಕು ವಿಧಾನಸಭೆ ಚುನಾವಣೆಗಳಾದವು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು. 2018ರಲ್ಲಿ ಶ್ರೀರಾಮುಲು ಮೊಳಕಾಲ್ಮೂರಿಗೆ ಬಂದು ನಿಂತಾಗಂತೂ ರಾಜ್ಯದ ಕಣ್ಣೆಲ್ಲ ಇತ್ತ ಕಡೆಗೇ. ನಾಯಕರ ಓಟು ಎಷ್ಟು, ಎಸ್‌ಸಿ ಓಟು ಎಷ್ಟು, ಗೊಲ್ಲರು ಎಷ್ಟು, ಯಾರು ಯಾವ ಕಡೆ ಎಂದು ಬೆರಳು ಮಡಿಚಿ ಎಣಿಸಿದ್ದೇ ಎಣಿಸಿದ್ದು. ಕಾವಲು ಹೋಯಿತಲ್ಲ, ಕುರಿ ಎಲ್ಲಿ ಮೇಯುತ್ತಿವೆ ಎಂಬ ಪ್ರಶ್ನೆ ನಮಗೆ ಕಾಣಸಿಕ್ಕ ಒಂದು ಸಮೀಕ್ಷೆಯಲ್ಲೂ ಇರಲಿಲ್ಲ.

ಇನ್ನೊಂದು ಪ್ರಶ್ನೆಯೂ ಇರಲಿಲ್ಲ. 2019ರ ಸೆಪ್ಟೆಂಬರ್ 16ರಂದು ನಮ್ಮ ಚಿತ್ರದುರ್ಗ ಕ್ಷೇತ್ರದ ಅಂದಿನ ಸಂಸದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿಯ ಗೊಲ್ಲರಹಟ್ಟಿಗೆ ಹೋದರು. ದಲಿತ ಎಂಬ ಕಾರಣಕ್ಕೆ ಅವರನ್ನು ಹಟ್ಟಿಯೊಳಕ್ಕೆ ಬಿಡಲಿಲ್ಲ. ಹೊರಗೇ ಕೂತು ವಾಪಸು ಬಂದರು. ಆ ವರ್ಷದ ಸಮೀಕ್ಷೆಗಳು 'ಯಾರಿಗೆ ಓಟು ಹಾಕುತ್ತೀರಿ' ಎಂದು ಕೇಳಿದ್ದವು. 'ಗೆದ್ದವನನ್ನು ಹೊಸಿಲು ದಾಟಲು ಬಿಡುತ್ತೀರಾ' ಎಂದು ಯಾರು ಕೇಳಿದರು? ಕೇಳಿದ್ದರೆ ಈ ದೇಶದ ನಿಜವಾದ ಜನಮತ ಆಗ ಗೊತ್ತಾಗುತ್ತಿತ್ತು.

ಸಮೀಕ್ಷೆಯ ದೊಡ್ಡ ಮೋಸ ಇರುವುದು ಇಲ್ಲಿ. ತಪ್ಪು ಉತ್ತರಕ್ಕಿಂತ ಕೇಳದೇ ಬಿಟ್ಟ ಪ್ರಶ್ನೆ ಹೆಚ್ಚು ಸುಳ್ಳು ಹೇಳುತ್ತದೆ.

ಆದ್ದರಿಂದ ಹಳ್ಳಿಶಾಲೆಯ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಗೆಳೆಯ ಗೆಳತಿಯರಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಚುನಾವಣೆಯಲ್ಲಿ ಇಂಥ ಸಂಖ್ಯೆ ಮೊಬೈಲಿಗೆ ಬಂದಾಗ ದಾಟಿಸುವ ಮೊದಲು ಗಣಿತದ ಪಾಠದಂತೆ ಕರಿಹಲಗೆಯ ಮೇಲೆ ಬರೆಯಿರಿ. ಮಾಡಿದವರು ಯಾರು? ದುಡ್ಡು ಯಾರದು? ಎಷ್ಟು ಜನರನ್ನು, ಯಾವ ತಾರೀಖು, ಎಲ್ಲಿ ಕೇಳಿದರು, ಜಗಲಿಯಲ್ಲೋ ಹೊಸಿಲಲ್ಲೋ? ಇದೇ ವಾರ ಬಂದ ಬೇರೆ ಸಮೀಕ್ಷೆ ಏನು ಹೇಳಿತು? ಇದನ್ನು ನಮಗೆ ತಂದು ತೋರಿಸುತ್ತಿರುವವನು ಯಾರ ಕಡೆಯವನು? ಈ ಐದಕ್ಕೆ ಉತ್ತರವಿಲ್ಲದ ಸಂಖ್ಯೆ ಬರೀ ಗಾಳಿಮಾತು.

ಅಷ್ಟಕ್ಕೇ ನಿಲ್ಲುವುದು ಬೇಡ. ಕೇಳುವ ಕೆಲಸವನ್ನು ನಾವೇ ಕೈಗೆತ್ತಿಕೊಳ್ಳೋಣ. ಒಂದು ನೋಟ್‌ಬುಕ್ ಹಿಡಿದು ನಮ್ಮ ಕೇರಿ, ನಮ್ಮ ಹಟ್ಟಿ, ನಮ್ಮ ತಾಂಡದ ಪ್ರತಿ ಹೊಸಿಲಿಗೂ ಹೋಗೋಣ. ಯಾರಿಗೆ ಓಟು ಎಂದು ಮಾತ್ರ ಕೇಳುವುದು ಬೇಡ, ಅದು ಅವರ ಗುಟ್ಟು. ನೀರು ಎಷ್ಟು ದೂರ, ಕೂಲಿ ಎಷ್ಟು, ಕುರಿ ಎಲ್ಲಿ ಮೇಯುತ್ತವೆ, ಹೋಟೆಲಿನಲ್ಲಿ ಲೋಟ ಒಂದೋ ಎರಡೋ ಎಂದು ಕೇಳೋಣ. ಆ ನೋಟ್‌ಬುಕ್ಕನ್ನು ಓಟು ಕೇಳಲು ಬರುವ ಎಲ್ಲ ಪಕ್ಷದವರ ಮುಂದೆ ಹಿಡಿಯೋಣ.

ಮೊದಲ ಪುಟ ಆ ಅಜ್ಜಿಯ ಹೊಸಿಲಿನಿಂದ ಶುರುವಾಗಲಿ. ಅವಳ ಓಟು ಇನ್ನೂ ಅವಳ ಕೈಯಾಗೇ ಐತೆ.